ದೊಡ್ಡವರಿಗೆ ಲಸಿಕೆಯಾಯಿತು, ಇನ್ನು ಕೊರೊನಾ ಮಕ್ಕಳಿಗೇನಾ?

(ನವೆಂಬರ್ 2021)

ಪ್ರಶ್ನೆ: ಕಳೆದ ತಿಂಗಳು 25ರಿಂದ ಚಿಕ್ಕ ಮಕ್ಕಳ ಶಾಲೆಯೂ ಶುರುವಾಗಿದೆ. ಮಗ ಎರಡನೇ ಕ್ಲಾಸು. ನನಗೂ ಯಜಮಾನರಿಗೂ ಎರಡು ಡೋಸ್ ಆಗಿದೆ. ಮೊದಲನೆಯದಕ್ಕೆ ಜ್ವರ ಬಂತೆಂದು ಅತ್ತೆ ಎರಡನೆಯದು ಬೇಡವೇ ಬೇಡ ಅನ್ನುತ್ತಾರೆ. ಸೋಂಕಿತರಲ್ಲಿ ಮಕ್ಕಳ ಪಾಲು ಏರುತ್ತಿದೆ ಅಂತ ಟಿ.ವಿ.ಯಲ್ಲಿ ಕೇಳಿದೆ. ವೈರಸ್ ದೊಡ್ಡವರನ್ನು ಬಿಟ್ಟು ಮಕ್ಕಳ ಮೇಲೆ ತಿರುಗಿದೆಯೇ? ಮಗನನ್ನು ಕಳಿಸಲೋ ಬೇಡವೋ?
– ಒಬ್ಬ ತಾಯಿ, ಹಾವೇರಿ

ಉತ್ತರ: ತಿರುಗಿಲ್ಲಮ್ಮ. ಪಾಲು ಏರುವುದೇ ಬೇರೆ, ಕಾಯಿಲೆ ಬೀಳುವ ಮಕ್ಕಳು ಹೆಚ್ಚುವುದೇ ಬೇರೆ. ಒಂದೂರಲ್ಲಿ 100 ಸೋಂಕಿತರು, ಅವರಲ್ಲಿ ಮಕ್ಕಳು 10 ಅಂದುಕೊಳ್ಳಿ. ದೊಡ್ಡವರಿಗೆ ಲಸಿಕೆಯಾದ ಮೇಲೆ ಸೋಂಕಿತರು 30ಕ್ಕೆ ಇಳಿದರು, ಮಕ್ಕಳು 6ಕ್ಕೆ. ಮಕ್ಕಳ ಪಾಲು ಶೇ 10 ಇದ್ದದ್ದು ಶೇ 20 ಆಯಿತು, ಆದರೆ ಸೋಂಕು ತಗುಲಿದ ಮಕ್ಕಳು ಕಡಿಮೆಯಾದರು. ಪಾಲನ್ನಷ್ಟೇ ಹೇಳಿ ಹೆತ್ತವರ ನಿದ್ದೆ ಕೆಡಿಸುವುದು ಅನ್ಯಾಯ.

ಈ ವರ್ಷದ ಆರಂಭದಲ್ಲಿ ಇಸ್ರೇಲ್‌ನಲ್ಲಿ 16 ದಾಟಿದವರಿಗಷ್ಟೇ ಲಸಿಕೆ ಇತ್ತು. ಅಲ್ಲಿನ 177 ಊರುಗಳ ಲೆಕ್ಕ ನೋಡಿದಾಗ, ಹೆಚ್ಚು ಜನ ಲಸಿಕೆ ಹಾಕಿಸಿಕೊಂಡ ಕಡೆ ಲಸಿಕೆಯೇ ಇಲ್ಲದ ಮಕ್ಕಳಿಗೂ ಸೋಂಕು ಕಡಿಮೆಯಾಗಿತ್ತು. ವೈರಸ್‌ನ ಡೆಲ್ಟಾ ರೂಪಾಂತರಿ ಬಂದಾಗ ಅಲ್ಲೂ ಸೋಂಕು ಮತ್ತೆ ಏರಿತು, ಹಾಗಾಗಿ ಪೂರ್ತಿ ರಕ್ಷಣೆ ಅಂತ ನಾನು ಹೇಳಲಾರೆ. ನಮ್ಮಲ್ಲಿ ಐಸಿಎಂಆರ್‌ನ ಜೂನ್–ಜುಲೈ ಸಮೀಕ್ಷೆಯಲ್ಲಿ 6ರಿಂದ 9 ವರ್ಷದವರಲ್ಲಿ ಅರ್ಧಕ್ಕಿಂತ ಹೆಚ್ಚು ಮಕ್ಕಳ ರಕ್ತದಲ್ಲಿ ಪ್ರತಿಕಾಯ ಸಿಕ್ಕಿತು. ಅಂದರೆ ಎಷ್ಟೋ ಮಕ್ಕಳಿಗೆ ಯಾರಿಗೂ ಗೊತ್ತಾಗದಂತೆ ಸೋಂಕು ಬಂದು ಹೋಗಿದೆ.

ನನಗೆ ಚಿಂತೆ ನಿಮ್ಮ ಅತ್ತೆಯದು. ಕಾಯಿಲೆ ಉಲ್ಬಣಿಸುವ ಭಯ ಮೊಮ್ಮಗನಿಗಿಂತ ಅವರಿಗೇ ಹೆಚ್ಚು. ದಿನವಿಡೀ ಅವನ ಮಗ್ಗುಲಲ್ಲಿ ಇರುವವರೂ ಬಹುಶಃ ಅವರೇ. ಲಸಿಕೆಯ ಮರುದಿನ ಜ್ವರ, ಮೈಕೈ ನೋವು ಸಹಜ, ಒಂದೆರಡು ದಿನದಲ್ಲಿ ಇಳಿಯುತ್ತದೆ. ವಾದಕ್ಕೆ ಇಳಿಯಬೇಡಿ. "ನಾಳೆ ನೀವು ಒಲೆ ಮುಂದೆ ಬರಬೇಡಿ ಅತ್ತೆ, ಎಲ್ಲ ನಾನು ನೋಡ್ಕೋತೀನಿ" ಅನ್ನಿ. ಎಷ್ಟೋ ಹೆಂಗಸರು ಲಸಿಕೆ ಬೇಡ ಅನ್ನುವುದು ಮನೆಗೆಲಸ ನಿಂತೀತೆಂಬ ಅಳುಕಿಗೆ. ಕೋವಿಶೀಲ್ಡ್ ಆಗಿದ್ದರೆ ಮೊದಲ ಡೋಸ್ ಹಾಕಿಸಿ 84 ದಿನ ಆಗಿದೆಯೇ ನೋಡಿ, ಆಶಾ ಕಾರ್ಯಕರ್ತೆಗೆ ಒಂದು ಮಾತು ಹೇಳಿ. ಈಗ ಮನೆಬಾಗಿಲಿಗೇ ಬಂದು ಹಾಕುತ್ತಿದ್ದಾರೆ. ಮಗನನ್ನು ಕರೆದೊಯ್ಯುವ ಆಟೊದವರಿಗೂ ಆಗಿದೆಯೇ ಕೇಳಿ.

ಮಗನನ್ನು ಧೈರ್ಯವಾಗಿ ಕಳಿಸಿ, ಮಾಸ್ಕ್ ಹಾಕಿ. ಕೆಮ್ಮು, ಜ್ವರ ಇದ್ದ ದಿನ ಮಾತ್ರ ಬೇಡ. ಮನೆಯಲ್ಲಿ ಯಾರಿಗಾದರೂ ಕೋವಿಡ್ ಬಂದು ಹೋದ 2ರಿಂದ 6 ವಾರದೊಳಗೆ ಅವನಿಗೆ ಬಿಡದ ಜ್ವರ, ಮೈಮೇಲೆ ದದ್ದು, ಕೆಂಪು ಕಣ್ಣು, ಹೊಟ್ಟೆನೋವು ಕಂಡರೆ ಮನೆಮದ್ದು ಮಾಡುತ್ತ ಕೂರದೆ ಅವತ್ತೇ ಮಕ್ಕಳ ವೈದ್ಯರಿಗೆ ತೋರಿಸಿ.