ಅಣ್ಣ ಬಿಟ್ಟುಹೋದ ಆಲಿವ್ ಮರ

ಪ್ರಶ್ನೆ: ಅಣ್ಣ ಕೆಲಸದ ಮೇಲೆ ಮಸ್ಕತ್‌ಗೆ ಹೋಗುವಾಗ ತನ್ನ ದೊಡ್ಡ ಆಲಿವ್ ಬೋನ್ಸಾಯ್ ಮರವನ್ನು ನಮ್ಮ ಮನೆಯಲ್ಲಿ ಬಿಟ್ಟುಹೋಗಿದ್ದಾನೆ. ಎತ್ತಲು ಇಬ್ಬರು ಬೇಕು, ಅಷ್ಟು ಭಾರ. ಮಾಳಿಗೆಯ ಮೇಲೆ ಇಟ್ಟಿದ್ದೇವೆ. ಯುಗಾದಿ ಕಳೆದ ಮೇಲೆ ಎಲೆಗಳು ಹಳದಿಯಾಗಿ ಉದುರುತ್ತಿವೆ. ದಿನಕ್ಕೆ ಮೂರು ಹೊತ್ತು ನೀರು ಹಾಕಿದರೂ ನಿಂತಿಲ್ಲ. ಸಿರುಗುಪ್ಪದ ಸೋದರಮಾವ ಗದ್ದೆಯ ಎರೆಮಣ್ಣು ಹಾಕು ಅನ್ನುತ್ತಾರೆ. ನಮ್ಮ ಮನೆಯವರು ಕೊಂಬೆಗಳನ್ನೆಲ್ಲ ಕತ್ತರಿಸಿದರೆ ಚಿಗುರುತ್ತದೆ ಅನ್ನುತ್ತಾರೆ. ಕಾಂಡದ ಒಂದು ಬದಿ ಒಣಗಿ ಪೊಟರೆಯಾಗಿದೆ. ಮರ ಹೋಗಿಬಿಟ್ಟರೆ ಅಣ್ಣನಿಗೆ ಹೇಗೆ ಮುಖ ತೋರಿಸಲಿ?
– ಓದುಗರು, ಬಳ್ಳಾರಿ

ಉತ್ತರ: ತಾಯಿ, ಮೊದಲು ಎಲೆ ಉದುರಿದ ಒಂದು ಕಡ್ಡಿಯ ತೊಗಟೆಯನ್ನು ಉಗುರಿನಿಂದ ತುಸುವೇ ಕೆರೆದು ನೋಡಿ. ಒಳಗೆ ಹಸಿರು ಕಂಡರೆ ಜೀವ ಇದೆ. ನೀವು ಕಳಿಸಿದ ಚಿತ್ರದಲ್ಲಿ ತುದಿಯ ಚಿಗುರು ಗಟ್ಟಿಯಾಗಿಯೇ ಇದೆ, ಒಳಗಿನ ಎಲೆಗಳು ಮಾತ್ರ ಹಳದಿ. ಆಲಿವ್ ವರ್ಷವಿಡೀ ಹಸಿರಾಗಿರುವ ಮರವಾದರೂ ಅದರ ಎಲೆ ಎರಡು–ಮೂರು ವರ್ಷ ಇದ್ದು ಉದುರುತ್ತದೆ. ನಿಮ್ಮಲ್ಲಿ ಉದುರುತ್ತಿರುವುದು ಅದಕ್ಕಿಂತ ಹೆಚ್ಚು. ನನಗೆ ಅನುಮಾನ ಆ ಮೂರು ಹೊತ್ತಿನ ನೀರಿನ ಮೇಲೆ.

ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ಕಲ್ಲುನೆಲ ಈ ಮರದ ತವರು. ಅಲ್ಲಿ ಮಳೆ ಚಳಿಗಾಲದಲ್ಲಿ, ಬೇಸಿಗೆಯೆಲ್ಲ ಒಣ ಬಿಸಿಲು. ಬಳ್ಳಾರಿಯ 40 ಡಿಗ್ರಿಯನ್ನು ಇದರ ಎಲೆ ತಾಳಿಕೊಳ್ಳುತ್ತದೆ, ಕುಂಡದೊಳಗಿನ ಬೇರು ತಾಳದು. ನೆಲದಲ್ಲಾದರೆ ಬೇರು ತಂಪು ಹುಡುಕಿಕೊಂಡು ಕೆಳಗಿಳಿದೀತು; ಅಂಗೈ ಆಳದ ಕುಂಡದಲ್ಲಿ ಎಲ್ಲಿಗೆ ಹೋಗಬೇಕು? ಕಾದ ಮಾಳಿಗೆ ತಳದಿಂದ ಸುಡುತ್ತದೆ, ತಟ್ಟೆಯಲ್ಲಿ ನಿಂತ ನೀರು ಕೊಳೆಸುತ್ತದೆ. ಕೊಳೆತ ಬೇರು ನೀರೆಳೆಯುವುದಿಲ್ಲ, ಎಲೆ ಬಾಡುತ್ತದೆ. ಬಾಡಿದ್ದು ಕಂಡು ನಾವು ಮತ್ತೆ ನೀರು ಸುರಿಯುತ್ತೇವೆ.

ಇವತ್ತೇ ಕುಂಡದ ಕೆಳಗಿನ ತಟ್ಟೆ ತೆಗೆದುಬಿಡಿ. ನಾಲ್ಕು ಇಟ್ಟಿಗೆಯ ಮೇಲೆ ಕುಂಡವನ್ನು ಎತ್ತರಿಸಿ, ತಳಕ್ಕೆ ಗಾಳಿ ಆಡಲಿ. ಕುಂಡದ ಸುತ್ತ ಒದ್ದೆ ಗೋಣಿಚೀಲ ಸುತ್ತಿ. ಬೆಳಗಿನ ಬಿಸಿಲು ಪೂರ್ತಿ ಬೀಳಲಿ, ನಡುಮಧ್ಯಾಹ್ನಕ್ಕೆ ಮಾತ್ರ ಹಸಿರು ನೆರಳುಬಲೆ ಕಟ್ಟಿ. ಮರವನ್ನು ಮನೆಯೊಳಗೆ ಮಾತ್ರ ತರಬೇಡಿ, ಬೆಳಕಿಲ್ಲದೆ ಇದು ಸೊರಗುತ್ತದೆ. ನೀರಿಗೆ ಗಡಿಯಾರ ನೋಡಬೇಡಿ. ಬಿದಿರಿನ ಕಡ್ಡಿಯೊಂದನ್ನು ಮಣ್ಣಿನಲ್ಲಿ ಎರಡು ಬೆರಳು ಆಳಕ್ಕೆ ಚುಚ್ಚಿಡಿ. ತೆಗೆದು ನೋಡಿದಾಗ ತುದಿ ಹಸಿಯಾಗಿದ್ದರೆ ಅಂದು ನೀರು ಬೇಡ. ಒಣಗುತ್ತ ಬಂದಿದ್ದರೆ ತಳದ ರಂಧ್ರದಿಂದ ಹರಿಯುವ ತನಕ ಹಾಕಿ. ಎಲೆ ಚೇತರಿಸಿಕೊಳ್ಳುವವರೆಗೆ ಗೊಬ್ಬರ ಕೊಡಬೇಡಿ. ಬೋರ್‌ವೆಲ್ಲಿನ ಗಡಸು ನೀರಿಗೆ ಹೆದರಬೇಕಿಲ್ಲ, ಸುಣ್ಣದ ನೆಲದಲ್ಲಿ ಬೆಳೆದ ಮರ ಇದು.

ನಿಮ್ಮ ಮಾವ ಪ್ರೀತಿಯಿಂದಲೇ ಹೇಳಿದ್ದಾರೆ. ತುಂಗಭದ್ರಾ ಕಾಲುವೆಯ ಕೆಳಗೆ ಆ ಎರೆಮಣ್ಣಿನಲ್ಲಿ ಬರುವ ಭತ್ತ ಕಂಡವರು ಬೇರೆ ಮಾತು ಆಡುವುದೂ ಕಷ್ಟ. ಆದರೆ ಭತ್ತಕ್ಕೆ ನಿಂತ ನೀರು ಬೇಕು, ಆಲಿವ್‌ಗೆ ಹರಿದುಹೋಗುವ ನೀರು. ಎರೆಮಣ್ಣು ಹಸಿಯಾದರೆ ಉಬ್ಬುತ್ತದೆ, ಒಣಗಿದರೆ ಬಿರಿಯುತ್ತದೆ. ಬಿರಿಯುವಾಗ ನವಿರು ಬೇರುಗಳನ್ನೂ ಹರಿಯುತ್ತದೆ. ನಿಮಗೆ ಬೇಕಾದದ್ದು ಕುರುಗೋಡಿನ ಕಡೆ ಸಿಗುತ್ತದೆ. ಆ ಊರ ಸುತ್ತಲಿನ ಕಲ್ಲುಗುಡ್ಡಗಳ ಬುಡದ ಗರಸನ್ನು, ಜಾಗದವರ ಒಪ್ಪಿಗೆ ಕೇಳಿ ಒಂದು ಚೀಲ ತಂದು ಜರಡಿ ಹಿಡಿಯಿರಿ. ಧೂಳೆಲ್ಲ ಹೋಗಿ ಜೋಳದ ಕಾಳಿನ ಗಾತ್ರದ್ದು ಉಳಿಯಬೇಕು. ಅಂಥ ಮೂರು ಪಾಲಿಗೆ ಚೆನ್ನಾಗಿ ಕಳಿತ ತಿಪ್ಪೆಗೊಬ್ಬರ ಒಂದು ಪಾಲು. ಕುಂಡ ಬದಲಿಸುವುದು ಈಗಲ್ಲ. ಮೃಗಶಿರ, ಆರಿದ್ರ ಮಳೆ ಹೊತ್ತಿಗೆ, ಮೋಡ ಕವಿದು ನೆಲ ತಣ್ಣಗಾದ ಮೇಲೆ. ಆಗ ಕಪ್ಪಾಗಿ ಮೆತ್ತಗಾದ, ವಾಸನೆ ಬರುವ ಬೇರುಗಳನ್ನು ಕತ್ತರಿಸಿ ತೆಗೆಯಿರಿ.

ಇನ್ನು ಕತ್ತರಿಯ ವಿಚಾರ. ಎಲೆಯೇ ಮರದ ಅಡುಗೆಮನೆ. ಸೊರಗಿದ ಮರದಿಂದ ಅದನ್ನೂ ಕಿತ್ತುಕೊಂಡರೆ ಬೇರಿಗೆ ಅನ್ನ ಎಲ್ಲಿಂದ? ಹಳೆಯ ಆಲಿವ್ ಬೊಡ್ಡೆಯಿಂದಲೂ ಚಿಗುರುತ್ತದೆ ಎಂಬುದು ನಿಜ, ಆದರೆ ಅದು ಗಟ್ಟಿಮುಟ್ಟಾದ ಮರದ ಮಾತು. ಕುಂಡ ಬದಲಿಸಿ ಹೊಸ ಚಿಗುರು ನೀಳವಾಗಿ ಬಂದ ಮೇಲೆ ಆಕಾರಕ್ಕೆ ಕೈ ಹಾಕಿ. ಎಲೆಗಳು ಎದುರುಬದುರಾಗಿ ಜೋಡಿ ಜೋಡಿ ಇರುತ್ತವಲ್ಲ, ಆರೇಳು ಜೋಡಿ ಬೆಳೆಯಲು ಬಿಟ್ಟು ಎರಡು ಜೋಡಿಗೆ ಕತ್ತರಿಸಿ. ಬುಡದಿಂದ ನೆಟ್ಟಗೆ ಏಳುವ ಚಿಗುರನ್ನು ಆಗಾಗ ತೆಗೆಯುತ್ತಿರಿ. ಅಲ್ಯೂಮಿನಿಯಂ ತಂತಿ ಸುತ್ತುವುದಾದರೆ ಎಳೆಯ ಕೊಂಬೆಗೆ ಮಾತ್ರ, ಬಲಿತದ್ದು ಲಟಕ್ಕನೆ ಮುರಿಯುತ್ತದೆ. ತಂತಿ ತೊಗಟೆಗೆ ಕಚ್ಚುವ ಮುಂಚೆ ಬಿಚ್ಚಿ.

ಆ ಪೊಟರೆಗೆ ಸಿಮೆಂಟು ಮೆತ್ತಬೇಡಿ, ಅದನ್ನು ಕೆತ್ತಿ ತೆಗೆಯಲೂಬೇಡಿ. ನೂರಾರು ವರ್ಷದ ಆಲಿವ್ ಮರಗಳು ಕಾಂಡ ಟೊಳ್ಳಾಗಿ, ತಿರುಚಿಕೊಂಡೇ ಬದುಕಿರುತ್ತವೆ. ಈ ಮರದ ಚೆಲುವೆಲ್ಲ ಅಲ್ಲೇ ಇದೆ. ನೀರು ನಿಲ್ಲದಂತೆ ನೋಡಿ, ಒಣ ಬ್ರಶ್ಶಿನಿಂದ ಧೂಳು ತೆಗೆದರೆ ಸಾಕು. ಕಾಯಿಯ ಆಸೆ ಮಾತ್ರ ಇಟ್ಟುಕೊಳ್ಳಬೇಡಿ. 2008ರ ಸುಮಾರಿಗೆ ಇಸ್ರೇಲಿನ ನೆರವಿನಿಂದ ಆಲಿವ್ ನೆಟ್ಟ ರಾಜಸ್ಥಾನದಲ್ಲಿ ಕೊರೆಯುವ ಚಳಿಯ ರಾತ್ರಿಗಳಿವೆ. ಹೂವಿಗೆ ಆ ಚಳಿ ಬೇಕು, ಬಳ್ಳಾರಿಯಲ್ಲಿ ಅದು ಸಿಗದು.

ಕೈ ಪಳಗಿಸಿಕೊಳ್ಳಲು ಕುಂಡದಲ್ಲೊಂದು ಹುಣಸೆ ಸಸಿ ಇಟ್ಟುಕೊಳ್ಳಿ, ನಮ್ಮ ನೆಲದ ಗಟ್ಟಿ ಜೀವ. ಮೈಸೂರಿನ ಗಣಪತಿ ಸಚ್ಚಿದಾನಂದ ಆಶ್ರಮದಲ್ಲಿ ಕಿಷ್ಕಿಂಧಾ ಮೂಲಿಕಾ ಬೋನ್ಸಾಯ್ ಉದ್ಯಾನ ಇದೆ. ಆ ಕಡೆ ಹೋದರೆ ಕುಂಡದ ಆಳ, ಕೊಂಬೆಯ ಸಾಲು ಗಮನಿಸಿ ಬನ್ನಿ.

ಅಣ್ಣನಿಂದ ಏನನ್ನೂ ಮುಚ್ಚಿಡಬೇಡಿ. ಇಂದೇ ಫೋನ್ ಮಾಡಿ ಎಲೆ ಉದುರುತ್ತಿರುವುದನ್ನು ಹೇಳಿ, ಕುಂಡ ಕೊನೆಯ ಸಲ ಯಾವಾಗ ಬದಲಿಸಿದ್ದ ಎಂದು ಕೇಳಿ. ಅವನ ಉತ್ತರ ನನಗೂ ಬರೆಯಿರಿ. ಮಳೆ ಬರುವವರೆಗೆ ಮನೆಯಲ್ಲಿ ಯಾರೂ ಆ ಮರಕ್ಕೆ ಕತ್ತರಿ ಹಾಕದಂತೆ ನೋಡಿಕೊಳ್ಳಿ.