ಕಿವಿಗೆ ಬಿದ್ದದ್ದೆಲ್ಲ ಔಷಧವಲ್ಲ

“ಸಿಸ್ಟರ್, ಫೋನಿನಲ್ಲಿ ಕೇಳಿದೆ, ಈ ಮಾತ್ರೆ ಬೇಡವಂತೆ.” ವಾರ್ಡಿನಲ್ಲಿ ಇಂಥ ಮಾತು ಆಗಾಗ ಕೇಳಿಬರುತ್ತದೆ. ಫೋನಿನಲ್ಲಿ ಬೇಕೆಂದಾಗ ಕೇಳುವ, ರೇಡಿಯೋದಂಥ ಮಾತುಕತೆಗೆ ಪಾಡ್‌ಕಾಸ್ಟ್ ಎನ್ನುತ್ತಾರೆ.

ಒಂದು ಉದಾಹರಣೆ: 2021ರಲ್ಲಿ ಅಮೆರಿಕದ ಪ್ರಸಿದ್ಧ ಪಾಡ್‌ಕಾಸ್ಟ್ ನಿರೂಪಕ ಜೋ ರೋಗನ್, ಕೋವಿಡ್ ಬಂದಾಗ ಐವರ್ಮೆಕ್ಟಿನ್ ಸೇರಿ ಹಲವು ಔಷಧ ತೆಗೆದುಕೊಂಡು ಬೇಗ ಗುಣವಾದೆ ಎಂದರು. ಐವರ್ಮೆಕ್ಟಿನ್ ಹುಳುಗಳಿಂದ ಬರುವ ರೋಗಗಳ ಔಷಧ. ಹಲವು ಔಷಧ ಒಟ್ಟಿಗೆ ತೆಗೆದುಕೊಂಡರೆ ಯಾವುದರಿಂದ ಗುಣವಾಯಿತು, ತಾನಾಗಿಯೇ ಗುಣವಾಯಿತೇ ಎಂದು ಒಬ್ಬರ ಅನುಭವದಿಂದ ಹೇಳಲಾಗದು. ಬ್ರೆಜಿಲ್‌ನಲ್ಲಿ ಸಾವಿರಕ್ಕೂ ಹೆಚ್ಚು ರೋಗಿಗಳ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2022ರಲ್ಲಿ ಬಂತು: ಐವರ್ಮೆಕ್ಟಿನ್‌ನಿಂದ ಆಸ್ಪತ್ರೆ ಸೇರುವವರ ಪ್ರಮಾಣ ಕಡಿಮೆಯಾಗಿರಲಿಲ್ಲ.

ನಾವೇಕೆ ನಂಬುತ್ತೇವೆ?
1. ದಿನವೂ ಕೇಳುವ ದನಿ ಮನೆಯವರ ದನಿಯಂತಾಗುತ್ತದೆ.
2. ಗಂಟೆಗಟ್ಟಲೆ ಮಾತಿನಲ್ಲಿ ತಪ್ಪನ್ನು ತಡೆದು ಪ್ರಶ್ನಿಸುವವರು ಅನೇಕ ಸಲ ಇರುವುದಿಲ್ಲ.
3. ಅದರ ತುಣುಕು ವಾಟ್ಸಾಪ್‌ನಲ್ಲಿ ಬಂದಾಗ ಯಾರು, ಯಾವಾಗ ಹೇಳಿದ್ದೆಂದು ತಿಳಿಯುವುದಿಲ್ಲ.

ನೀವು ಮಾಡಬೇಕಾದದ್ದು:
1. ಸಕ್ಕರೆ ಕಾಯಿಲೆ, ಬಿ.ಪಿ., ಫಿಟ್ಸ್ ಮಾತ್ರೆಗಳನ್ನು ನೀವಾಗಿಯೇ ನಿಲ್ಲಿಸಬೇಡಿ.
2. ಕೇಳಿದ್ದನ್ನು ಚೀಟಿಯಲ್ಲಿ ಬರೆದು ವೈದ್ಯರಿಗೆ ಅಥವಾ ದಾದಿಯರಿಗೆ ತೋರಿಸಿ.
3. ವಿಚಾರಿಸದೆ ಬೇರೆಯವರಿಗೆ ಕಳುಹಿಸಬೇಡಿ.

ಕೇಳಲು ಸಂಕೋಚ ಬೇಡ. ಮಾತ್ರೆ ಬಿಟ್ಟಿದ್ದರೂ ಮುಚ್ಚಿಡದೆ ಹೇಳಿ, ಯಾರೂ ಬೈಯುವುದಿಲ್ಲ.