ಮೊಬೈಲ್ ದೂರವಾಣಿ ಕಳೆದುಹೋದಾಗ

ಭಾರತದಲ್ಲಿ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಕಲ್ಕತ್ತೆಯಿಂದ ದೆಹಲಿಗೆ ಹೋಯಿತು. ಅಂದಿನ ಮೊಬೈಲು ಹೆಚ್ಚಾಗಿ ಮಾತಿಗಷ್ಟೇ ಬಳಕೆಯಾಗುತ್ತಿತ್ತು. ಅದು ಕಳೆದುಹೋದರೆ ಆಗುತ್ತಿದ್ದ ನಷ್ಟ ಬಹುಮಟ್ಟಿಗೆ ಉಪಕರಣದ ಬೆಲೆಯಷ್ಟೇ. ಇಂದು ಬ್ಯಾಂಕ್ ಖಾತೆ, ಆಧಾರ್, ಇ-ಮೇಲ್ ಇವೆಲ್ಲವೂ ಒಂದೇ ಮೊಬೈಲ್ ಸಂಖ್ಯೆಗೆ ಜೋಡಣೆಯಾಗಿರುತ್ತವೆ. ಆದುದರಿಂದ ಮೊಬೈಲು ಕಳವಾದಾಗ ಉಪಕರಣವನ್ನು ಹುಡುಕುವ ಮೊದಲು ಆ ಸಂಖ್ಯೆಯನ್ನು ರಕ್ಷಿಸಿಕೊಳ್ಳುವುದು ಅವಶ್ಯಕ.

ಅಪಾಯ ಎಲ್ಲಿದೆ?

ಪರದೆಗೆ ಬೀಗವಿದ್ದರೆ ಸಾಕೆಂದು ಅನೇಕರು ಭಾವಿಸುತ್ತಾರೆ. ಆ ಬೀಗ ಉಪಕರಣದೊಳಗಿನ ಮಾಹಿತಿಯನ್ನು ಕಾಯುತ್ತದೆ. ಸಿಮ್ ಕಾರ್ಡನ್ನು ಕಾಯುವುದಿಲ್ಲ. ಕಳ್ಳನು ಸಿಮ್ ತೆಗೆದು ಬೇರೊಂದು ಮೊಬೈಲಿಗೆ ಹಾಕಿದರೆ, ಆ ಸಂಖ್ಯೆಗೆ ಬರುವ ಒ.ಟಿ.ಪಿ. ಅವನ ಕೈಸೇರುತ್ತದೆ. ಗುಪ್ತಪದ ಮರೆತುಹೋಗಿದೆಯೆಂದು ಹೇಳಿ ಹೊಸದನ್ನು ಪಡೆಯಲು ಅನೇಕ ವೇಳೆ ಅದೇ ಸಾಕಾಗುತ್ತದೆ. ಬೀಗ ಹಾಕಿದ ಪರದೆಯ ಮೇಲೆಯೇ ಸಂದೇಶಗಳು ಕಾಣುವಂತಿದ್ದರೆ ಸಿಮ್ ತೆಗೆಯುವ ಶ್ರಮವೂ ಅವನಿಗಿರುವುದಿಲ್ಲ.

ಮುಂಜಾಗ್ರತೆ

ಪ್ರತಿಯೊಂದು ಮೊಬೈಲಿಗೂ 15 ಅಂಕಿಗಳ ಐ.ಎಂ.ಇ.ಐ. ಸಂಖ್ಯೆ ಇರುತ್ತದೆ. ಎರಡು ಸಿಮ್‌ಗಳ ಮೊಬೈಲಿಗೆ ಇಂತಹ ಎರಡು ಸಂಖ್ಯೆಗಳಿರುತ್ತವೆ. *#06# ಎಂದು ಒತ್ತಿದರೆ ಅವು ಪರದೆಯ ಮೇಲೆ ಮೂಡುತ್ತವೆ. ಇವನ್ನು ಮನೆಯ ಪುಸ್ತಕವೊಂದರಲ್ಲಿ ಬರೆದಿಟ್ಟು, ಖರೀದಿಯ ರಸೀದಿಯನ್ನೂ ಜೋಪಾನ ಮಾಡಬೇಕು.

ಸಿಮ್ ಕಾರ್ಡಿಗೂ ಪ್ರತ್ಯೇಕ ಪಿನ್ ಇಡಬಹುದು. ಹಾಗೆ ಮಾಡಿದರೆ ಸಿಮ್ಮನ್ನು ಬೇರೆ ಮೊಬೈಲಿಗೆ ಹಾಕಿದಾಗ ಆ ಪಿನ್ ಕೊಡದೆ ಅದು ಕೆಲಸ ಮಾಡದು. ಕಂಪನಿ ನೀಡಿರುವ ಮೂಲ ಪಿನ್ ಯಾವುದೆಂದು ಗ್ರಾಹಕ ಸೇವೆಯಿಂದ ತಿಳಿದುಕೊಂಡೇ ಈ ಕೆಲಸಕ್ಕೆ ತೊಡಗತಕ್ಕದ್ದು. ಮೂರು ಬಾರಿ ತಪ್ಪಾದರೆ ಸಿಮ್ ಸ್ತಂಭಿಸುತ್ತದೆ. ಅದನ್ನು ತೆರೆಯಲು ಕಂಪನಿಯಿಂದ ಪಿ.ಯು.ಕೆ. ಸಂಖ್ಯೆ ಪಡೆಯಬೇಕಾಗುತ್ತದೆ. ಬೀಗ ಹಾಕಿದ ಪರದೆಯ ಮೇಲೆ ಸಂದೇಶದ ಒಕ್ಕಣೆ ಕಾಣದಂತೆಯೂ ವ್ಯವಸ್ಥೆ ಮಾಡಿಕೊಳ್ಳಬೇಕು.

ಕಳೆದುಹೋದಾಗ ಅನುಸರಿಸಬೇಕಾದ ಕ್ರಮ

1. ಕುಟುಂಬದವರ ಅಥವಾ ಸಹಪ್ರಯಾಣಿಕರ ಮೊಬೈಲಿನಿಂದ ಕಂಪನಿಯ ಗ್ರಾಹಕ ಸೇವೆಗೆ ಕರೆಮಾಡಿ ಸಿಮ್ಮನ್ನು ನಿಲ್ಲಿಸಬೇಕು.

2. ಕೂಡಲೇ ಬ್ಯಾಂಕಿಗೆ ತಿಳಿಸಿ, ಮೊಬೈಲ್ ಬ್ಯಾಂಕಿಂಗ್ ಮತ್ತು ಯು.ಪಿ.ಐ. ಸೇವೆಗಳನ್ನು ತಡೆಹಿಡಿಸಬೇಕು. ಹಣ ಹೋಗಿರುವುದು ಕಂಡುಬಂದರೆ 1930 ಸಂಖ್ಯೆಯ ಸಹಾಯವಾಣಿಗೆ ತಡಮಾಡದೆ ದೂರು ಕೊಡಬೇಕು. ಹಣ ಖಾತೆಯಿಂದ ಖಾತೆಗೆ ದಾಟಿಹೋಗುವ ಮುನ್ನ ತಿಳಿಸಿದರೆ ಅದನ್ನು ತಡೆಯುವ ಸಾಧ್ಯತೆ ಹೆಚ್ಚು.

3. ಪೊಲೀಸರಿಗೆ ದೂರು ನೀಡಿ ಅದರ ಪ್ರತಿಯನ್ನು ಪಡೆಯಬೇಕು. ಪುಣೆಯಿಂದ ಬೆಂಗಳೂರಿಗೆ ರೈಲಿನಲ್ಲಿ ಬರುವಾಗ ಕಳವಾದರೆ, ಅದು ಯಾವ ಠಾಣೆಯ ಸರಹದ್ದೆಂದು ಪ್ರಯಾಣಿಕರಿಗೆ ತಿಳಿಯದಿರಬಹುದು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ ಪ್ರಕಾರ, ಪೊಲೀಸರು ನೇರವಾಗಿ ದಾಖಲಿಸಿಕೊಳ್ಳಬಹುದಾದ ಅಪರಾಧದ ಮಾಹಿತಿಯನ್ನು ಸರಹದ್ದಿನ ನಿರ್ಬಂಧವಿಲ್ಲದೆ ಯಾವ ಠಾಣೆಯಲ್ಲಾದರೂ ನೀಡಬಹುದು.

4. ಅದೇ ಸಂಖ್ಯೆಗೆ ಬದಲಿ ಸಿಮ್ ಪಡೆದು, ಇ-ಮೇಲ್ ಮೊದಲಾದವುಗಳ ಗುಪ್ತಪದಗಳನ್ನು ಬದಲಾಯಿಸಬೇಕು.

5. ದೂರಸಂಪರ್ಕ ಇಲಾಖೆಯು 2023ರ ಮೇ ತಿಂಗಳಿನಲ್ಲಿ ದೇಶಾದ್ಯಂತ ಆರಂಭಿಸಿದ ಸಂಚಾರ್ ಸಾಥಿ ಜಾಲತಾಣದಲ್ಲಿ ಐ.ಎಂ.ಇ.ಐ. ಸಂಖ್ಯೆ ಹಾಗೂ ದೂರಿನ ಪ್ರತಿಯನ್ನು ಸಲ್ಲಿಸಬೇಕು. ಆಗ ಆ ಉಪಕರಣವು, ಯಾವ ಸಿಮ್ ಹಾಕಿದರೂ, ಭಾರತದ ಯಾವುದೇ ಕಂಪನಿಯ ಜಾಲದಲ್ಲಿ ಕೆಲಸ ಮಾಡದಂತಾಗುತ್ತದೆ. ಮೊಬೈಲು ಮರಳಿ ದೊರೆತರೆ ಅಲ್ಲಿಯೇ ತಡೆಯನ್ನು ತೆಗೆಸಬಹುದು.

ಕಡೆಯ ಎಚ್ಚರಿಕೆ

ಮೊಬೈಲು ಸಿಕ್ಕಿದೆ, ಗುರುತು ದೃಢಪಡಿಸಲು ಇಲ್ಲಿ ಒತ್ತಿ ಪಿನ್ ಬರೆಯಿರಿ ಎಂಬ ಸಂದೇಶ ಕೆಲವು ದಿನಗಳ ನಂತರ ಬರಬಹುದು. ಬೀಗ ತೆರೆಯಲಾರದವರು ಹೂಡುವ ಉಪಾಯವಿದು. ಮೊಬೈಲನ್ನು ಹಿಂದಿರುಗಿಸಲು ಯಾರಿಗೂ ಅದರ ಪಿನ್ ಬೇಕಾಗಿಲ್ಲ.

ಮನೆಯ ಹಿರಿಯರ ಮೊಬೈಲುಗಳ ಐ.ಎಂ.ಇ.ಐ. ಸಂಖ್ಯೆಗಳನ್ನೂ, ಬ್ಯಾಂಕಿನ ಮತ್ತು ಮೊಬೈಲ್ ಕಂಪನಿಯ ದೂರವಾಣಿ ಸಂಖ್ಯೆಗಳನ್ನೂ ಇಂದೇ ಕಾಗದದ ಮೇಲೆ ಬರೆದಿಡುವುದು ಒಳಿತು. ಮೊಬೈಲಿನಲ್ಲಿ ಮಾತ್ರ ಬರೆದಿಟ್ಟುಕೊಂಡರೆ ಅದು ಕಳೆದ ದಿನ ಆ ಸಂಖ್ಯೆಗಳೂ ಕೈಗೆ ಸಿಗಲಾರವು.